ಸಿಲ್ವರ್ ಮರಕ್ಕೆ ಸಿಕ್ಕಿಕೊಂಡ ಹೀರೋ

ಆ ಶನಿವಾರ ಸಂಜೆ ನಾಲ್ಕು ಗಂಟೆಗೆ ನಮ್ಮ ಎಸ್ಟೇಟಿನ ಕಾಫಿ ಕಣದಲ್ಲಿ ಜಗಳ ನಡೆಯುತ್ತಿತ್ತು. ಸಿನಿಮಾದಲ್ಲಿ ಆಕಾಶದಲ್ಲಿ ಹಾರಾಡುವ ಹೀರೋ ಒಬ್ಬ, ನಾವು ಕಾಫಿಗೆ ನೆರಳಿಗೆಂದು ಬೆಳೆಸುವ ಸಿಲ್ವರ್ ಮರಕ್ಕೆ ಸಿಕ್ಕಿಕೊಂಡು ಬದುಕಿ ಉಳಿಯುವುದು ಸಾಧ್ಯವೇ ಇಲ್ಲವೇ ಎಂಬುದು ಜಗಳದ ವಿಷಯ. ಜಗಳ ಆಡುತ್ತಿದ್ದವರಲ್ಲಿ ಒಬ್ಬರು ನನ್ನ ಯಜಮಾನರು. ಎಸ್ಟೇಟಿನ ಲೆಕ್ಕ, ಹಾಜರಿ ಬರೆಯುವ ರೈಟರ್, ಐವತ್ತಾರು ವರ್ಷ. ಇನ್ನೊಬ್ಬರು ಮೇಸ್ತ್ರಿ, ಅವರಿಗಿಂತ ಎರಡು ವರ್ಷ ದೊಡ್ಡವರು. ಮೂರನೆಯವನು ಜೀಪಿನ ಡ್ರೈವರ್. ಇಂಥ ಸಿನಿಮಾ ನೋಡುವ ವಯಸ್ಸು ಅವನೊಬ್ಬನಿಗೇ ಇತ್ತು. ನಾನು ಫ್ಲಾಸ್ಕು ಹಿಡಿದುಕೊಂಡು ಕಣದ ಕಟ್ಟೆಯ ಮೇಲೆ ಕೂತಿದ್ದೆ.

"ಅಮೆರಿಕದಲ್ಲಿ ಸಿಲ್ವರ್ ಮರ ಎಲ್ಲಿಂದ ಬಂತು ರೈಟ್ರೇ?" ಮೇಸ್ತ್ರಿ ಕೇಳಿದರು.

"ನಮ್ಮೂರಿಗೆ ಎಲ್ಲಿಂದ ಬಂತು? ಯಾರೋ ತಂದು ನೆಟ್ಟರು. ಅಲ್ಲೂ ಯಾರೋ ನೆಟ್ಟಿರ್ತಾರೆ."

"ಯಾಕೆ? ಅಲ್ಲೇನು ಮೆಣಸಿನ ಬಳ್ಳಿ ಹಬ್ಬಿಸ್ತಾರಾ?"

"ಬಳ್ಳಿ ಇತ್ತಾ ಇಲ್ವಾ ಅಂತ ಕೇಳು, ಹೇಳ್ತೀನಿ."

"ಇತ್ತಾ?"

"ಇರಲಿಲ್ಲ."

"ಮತ್ತೆ?"

"ಮತ್ತೆ ಎಂತ ಮತ್ತೆ ಮಾರಾಯ. ಬಳ್ಳಿ ಇದ್ದಿದ್ರೆ ಅದನ್ನೇ ಹಿಡ್ಕೊಂಡು ಇಳೀತಿದ್ದ. ಇಲ್ಲದ್ದಕ್ಕೇ ಬೆನ್ನಿನ ಹೊದಿಕೆ ಸಿಕ್ಕಿ ನೇತಾಡಿದ್ದು."

ಮೇಸ್ತ್ರಿ ಕಾಫಿ ಬೀಜ ಎಳೆಯುವ ಹಲಗೆಯ ಕೋಲಿನ ಮೇಲೆ ಗಲ್ಲ ಊರಿ ನಿಂತುಬಿಟ್ಟರು. ಇಬ್ಬನಿ ಬೀಳುವುದರೊಳಗೆ ಒಣಗಲು ಹರಡಿದ್ದ ಪಾರ್ಚ್‌ಮೆಂಟ್ ಕಾಫಿಯನ್ನೆಲ್ಲ ಗುಡ್ಡೆ ಮಾಡಿ ಟಾರ್ಪಾಲು ಮುಚ್ಚಬೇಕಿತ್ತು. ನಾನು ಅದನ್ನು ಎರಡು ಸಲ ಹೇಳಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಈ ಜಗಳ ಅರ್ಥವಾಗಬೇಕಾದರೆ ನಮ್ಮ ಬಸ್ಸಿನ ವಿಚಾರ ಹೇಳಬೇಕು. ನಮ್ಮದು ಸಂಸೆಯಿಂದ ಮೇಲೆ. ಸಿನಿಮಾ ಅಂದರೆ ಚಿಕ್ಕಮಗಳೂರಿಗೇ ಹೋಗಬೇಕು. ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಆಟ ಸಿಗುತ್ತದೆ. ಆದರೆ ಆಟ ಮುಗಿಯುವ ಮೊದಲೇ ನಮ್ಮ ಕಡೆಯ ಕೊನೆಯ ಬಸ್ಸು ಹೊರಟುಬಿಡುತ್ತದೆ. ಹಾಗಾಗಿ ನಮ್ಮಲ್ಲಿ ಯಾರೂ ಯಾವ ಸಿನಿಮಾದ ಕೊನೆಯ ಇಪ್ಪತ್ತು ನಿಮಿಷವನ್ನೂ ನೋಡುವುದಿಲ್ಲ. ವಿಲನ್ ಗೆಲ್ಲುತ್ತಿರುವಾಗ ಎದ್ದು ಓಡುತ್ತೇವೆ. ಬಸ್ಸಿನ ಕಂಡಕ್ಟರಿಗೂ ಇದು ಗೊತ್ತು. ಚೀಟಿ ಹರಿಯುತ್ತ, "ಇವತ್ತು ಎಲ್ಲಿವರೆಗೆ ಬಂತು?" ಅಂತ ಕೇಳುತ್ತಾನೆ.

ಇದಕ್ಕೆ ನನ್ನ ಯಜಮಾನರೇ ಒಂದು ದಾರಿ ಕಂಡುಹಿಡಿದಿದ್ದರು. ಒಬ್ಬರು ಉಳಿದು ಕೊನೆ ನೋಡುವುದು, ಚಿಕ್ಕಮಗಳೂರಿನಲ್ಲಿರುವ ನನ್ನ ನಾದಿನಿಯ ಮನೆಯಲ್ಲಿ ಮಲಗುವುದು, ಬೆಳಗಿನ ಬಸ್ಸಿಗೆ ಬಂದು ಉಳಿದವರಿಗೆ ಹೇಳುವುದು. ಯಾರು ಉಳಿಯಬೇಕು ಅನ್ನುವುದನ್ನು ಇಂಟರ್ವಲ್ಲಿನಲ್ಲಿ ನಾವು ನಾಲ್ವರೂ ಸೇರಿ ತೀರ್ಮಾನ ಮಾಡುತ್ತಿದ್ದೆವು. ಅವರ ಜೇಬಿನಲ್ಲಿ ನಾಲ್ಕು ಕಾಫಿ ಬೀಜ ಇರುತ್ತಿದ್ದವು. ಮೂರು ಸಾಧಾರಣ ಬೀಜ, ಒಂದು ಕಡೆ ಚಪ್ಪಟೆ. ಒಂದು ಮಾತ್ರ ಪೀಬೆರಿ, ಹೋಳಾಗದೆ ಗುಂಡಗೆ ಬೆಳೆದದ್ದು. ಕಣ್ಣು ಮುಚ್ಚಿ ತೆಗೆಯಬೇಕು. ಪೀಬೆರಿ ಬಂದವರು ಉಳಿಯಬೇಕು.

ನಲವತ್ತು ವರ್ಷ ಕಾಫಿಯಲ್ಲಿ ಕೈಯಾಡಿಸಿದ ಮೇಸ್ತ್ರಿಗೆ ಬೆರಳು ತಾಗಿದರೆ ಸಾಕು, ಯಾವುದು ಯಾವುದೆಂದು ತಿಳಿಯುತ್ತಿತ್ತು. ಅವರಿಗೆ ಒಂದು ಸಲವೂ ಪೀಬೆರಿ ಬರಲಿಲ್ಲ. ನನ್ನ ಯಜಮಾನರಿಗೂ ತಿಳಿಯುತ್ತಿತ್ತು. ಅವರಿಗೆ ಬೇರೇನೂ ಬರುತ್ತಲೇ ಇರಲಿಲ್ಲ. ತಂಗಿಯ ಮನೆಯ ತುಪ್ಪದ ದೋಸೆಗೆ ಅವರು ಹಾಗೆ ಮಾಡುತ್ತಿದ್ದರೆಂದು ನಾನು ತಿಳಿದಿದ್ದೆ. ಅವರ ಸಕ್ಕರೆ ಕಾಯಿಲೆಯಿಂದಾಗಿ ನಮ್ಮ ಮನೆಯಲ್ಲಿ ತುಪ್ಪಕ್ಕೆ ನಾನು ಲೆಕ್ಕ ಇಟ್ಟಿದ್ದೆ.

ಆ ಹಾರುವ ಹೀರೋನ ಸಿನಿಮಾದ ಎರಡನೇ ಭಾಗ ಬಂದಾಗಲೂ ಹಾಗೇ ಆಯಿತು. ನಾವು ಮೂವರೂ ಎದ್ದು ಹೊರಡುವಾಗ ಹೀರೋ ಒಂದು ದೊಡ್ಡ ಡ್ಯಾಮಿಗೆ ಬೆನ್ನು ಕೊಟ್ಟು ನಿಂತಿದ್ದ. ಗೋಡೆ ಬಿರುಕು ಬಿಡುತ್ತಿತ್ತು. ಕೆಳಗೆ ಊರಿತ್ತು. ಅವನು ಕನ್ನಡದಲ್ಲಿ, "ಎಲ್ಲರೂ ಓಡಿ" ಅಂದ. ಅವನ ತುಟಿ ಬೇರೆ ಏನೋ ಹೇಳಿತು. ನಾವು ಓಡಿದೆವು, ಬಸ್ ಸ್ಟ್ಯಾಂಡಿಗೆ.

ಮಾರನೆಯ ದಿನ ಬೆಳಿಗ್ಗೆ ಇವರು ಬಸ್ಸಿಳಿದು ಬಂದರು. ಚಪ್ಪಲಿ ಬಿಡುವ ಮೊದಲೇ ಕೊನೆ ಹೇಳಿದರು. ಡ್ಯಾಮು ಒಡೆಯುತ್ತದೆ. ಊರು ಉಳಿಯುತ್ತದೆ. ನೀರು ಹೀರೋನನ್ನು ಎತ್ತಿ ಎಸೆಯುತ್ತದೆ. ಅವನ ಹಸಿರು ಹೊದಿಕೆ ಒಂದು ಸಿಲ್ವರ್ ಮರದ ಕೊಂಬೆಗೆ ಸಿಕ್ಕಿಕೊಂಡು ಅವನು ಮೂರು ದಿನ ಅಲ್ಲೇ ನೇತಾಡುತ್ತಾನೆ. ಮೂರನೆಯ ದಿನ ಸೌದೆಗೆ ಬಂದ ಅಜ್ಜಿಯೊಬ್ಬಳು ನೋಡಿ, ದೋಟಿ ತಂದು ಅವನನ್ನು ಕೆಳಗಿಳಿಸಿ, ಬೆಲ್ಲದ ಕಾಫಿ ಕೊಡುತ್ತಾಳೆ.

"ದೋಟಿ ಹಾಕಿ ಕಿತ್ತರಾ?" ಡ್ರೈವರ್ ಕೇಳಿದ. "ಹಲಸಿನ ಹಣ್ಣಿನ ಥರ?"

"ಹುಷಾರಾಗಿ ಕಿತ್ತಳು," ಅಂದರು ಇವರು.

ನನಗೆ ಅನುಮಾನ ಬರಲಿಲ್ಲ. ಹಾಜರಿ ಪುಸ್ತಕ ಓದುವ ಮುಖದಲ್ಲಿ ಹೇಳಿದ್ದರು. ಮದುವೆಯಾದ ಇಪ್ಪತ್ತೊಂಬತ್ತು ವರ್ಷಗಳಲ್ಲಿ ಬೆಲ್ಲ ತಿಂದೆನೋ ಇಲ್ಲವೋ ಅನ್ನುವುದರ ಹೊರತು ಅವರು ನನಗೆ ಸುಳ್ಳು ಹೇಳಿದ್ದು ನಾನು ಕಾಣೆ.

ಮೂರು ವಾರ ಅದೇ ಮಾತು. ಮೇಸ್ತ್ರಿ ಮೊದಲನೇ ಭಾಗದ ಕಡೆ. ಅದರಲ್ಲಿ ಹೀರೋ ಎಲ್ಲ ಕೆಲಸವನ್ನೂ ತಾನೇ ಮಾಡುತ್ತಿದ್ದ, ಎರಡನೆಯದರಲ್ಲಿ ಅವನಿಗೆ ಎಂಟು ಜನ ಜೊತೆಗಾರರು, ಎಲ್ಲರೂ ಕೈ ತೋರಿಸಿ ಮಾತಾಡುವವರು. "ಆಳಿಗಿಂತ ಮೇಸ್ತ್ರಿಗಳೇ ಜಾಸ್ತಿ, ಯಾವ ಕೆಲಸ ನಡೆಯುತ್ತೆ?" ಅನ್ನುತ್ತಿದ್ದರು. ಡ್ರೈವರ್ ಎರಡನೇ ಭಾಗದ ಕಡೆ, ಅದರಲ್ಲಿ ಕಾರು ಇದೆ ಅಂತ. ಹಾರುವವನಿಗೆ ಕಾರು ಯಾಕೆ ಅಂತ ಮೇಸ್ತ್ರಿ ಕೇಳಿದರೆ, "ಸಾಮಾನು ಇರುತ್ತಲ್ಲ" ಅನ್ನುತ್ತಿದ್ದ. ಆ ಹಸಿರು ಹೊದಿಕೆಯ ಮೇಲೇ ಒಂದು ಇಡೀ ದಿನ ಹೋಯಿತು. ಮಳೆಗಾಲದಲ್ಲಿ ನಮ್ಮ ಆಳುಗಳು ಹಾಕಿಕೊಳ್ಳುವ ಪ್ಲಾಸ್ಟಿಕ್ ಕೊಪ್ಪೆಯ ಹಾಗೇ ಇತ್ತು ಅದು. ಜುಲೈ ತಿಂಗಳಲ್ಲಿ ಅದನ್ನು ತೊಟ್ಟು ಇಲ್ಲಿ ಹಾರಿದರೆ ಬೆನ್ನಿಗೆ ಅಂಟಿ ಬಿದ್ದೇ ಹೋಗುತ್ತಾನೆ ಎಂಬುದನ್ನು ಮಾತ್ರ ಮೂವರೂ ಒಪ್ಪಿದರು. ಅವರು ಒಪ್ಪಿದ್ದು ಅದೊಂದನ್ನೇ.

ಎರಡನೇ ಭಾಗ ಚೆನ್ನಾಗಿರುವುದು ಆ ಅಜ್ಜಿಯಿಂದಲೇ ಎಂದು ನನ್ನ ಯಜಮಾನರ ವಾದ. ಅಷ್ಟು ದೊಡ್ಡ ಶಕ್ತಿವಂತ ಕೊನೆಗೆ ಒಂದು ದೋಟಿಯಿಂದ ಉಳಿದ, ಅದಕ್ಕಿಂತ ದೊಡ್ಡದು ಏನಿದೆ ಅನ್ನುತ್ತಿದ್ದರು. ಮೇಸ್ತ್ರಿ, "ಅಷ್ಟು ನೀರಲ್ಲಿ ಕೊಚ್ಚಿ ಹೋದವನು ಬದುಕೋದಿಲ್ಲ ರೈಟ್ರೇ, ಇದು ಸುಳ್ಳು ಸಿನಿಮಾ" ಅನ್ನುತ್ತಿದ್ದರು.

ಆ ಶನಿವಾರವೂ ಮಾತು ಅಲ್ಲಿಗೇ ಬಂದು ನಿಂತಿತ್ತು. ಕಾಫಿ ಬಗ್ಗಿಸಿ ಕೊಡುತ್ತ ನಾನು, "ನನಗೂ ಒಂದು ಸಲ ಆ ಅಜ್ಜಿಯನ್ನು ನೋಡಬೇಕು" ಅಂದೆ.

"ಟೀವಿಗೆ ಬರುವಾಗ ಕತ್ತರಿಸಿರ್ತಾರೆ," ಅಂದರು ಇವರು, ಸ್ವಲ್ಪ ಬೇಗನೇ. "ಅಜ್ಜಿಯರ ಸೀನೆಲ್ಲ ಮೊದಲು ಕತ್ತರಿಸ್ತಾರೆ."

ಆಮೇಲೆ ನಾಲ್ವರೂ ಸೇರಿ ಗುಡ್ಡೆ ಮಾಡಿ ಟಾರ್ಪಾಲು ಎಳೆದೆವು. ಅಷ್ಟರಲ್ಲಿ ಒಂದು ಮೂಲೆ ತಣ್ಣಗಾಗಿತ್ತು. ಮೇಸ್ತ್ರಿ ಹೊರಡುವಾಗ, "ಮೂರು ದಿನ ಊಟ ಇಲ್ಲದೆ ಹೇಗಿದ್ದ, ಅದನ್ನು ನಾಳೆ ಹೇಳಿ" ಅಂದರು.

"ನಾಳೆ ಹೇಳ್ತೀನಿ," ಅಂದರು ಇವರು.

ಭಾನುವಾರ ಬೆಳಿಗ್ಗೆ ಕಣಕ್ಕೆ ಹೊರಟವರು ಮನೆಯ ಮೆಟ್ಟಿಲ ಮೇಲೆ ಕೂತರು. ಎದೆ ಒಂಥರಾ ಆಗ್ತಿದೆ ಅಂದರು. ಡ್ರೈವರ್ ಜೀಪು ತಂದ. ಕಳಸದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಿದ್ದರು.

ಅದರ ಬಗ್ಗೆ ಹೆಚ್ಚು ಬರೆಯಲು ನನಗೆ ಬರುವುದಿಲ್ಲ. ಎಲ್ಲರೂ ಬಂದರು, ಎಲ್ಲರೂ ಹೋದರು. ಎಸ್ಟೇಟಿನವರು ಮನೆ ಬಿಡಿಸಲಿಲ್ಲ, ಕಣದ ಉಸ್ತುವಾರಿ ನನಗೇ ಕೊಟ್ಟರು. ಮೇಸ್ತ್ರಿ ದಿನಾ ಸಂಜೆ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. ಡ್ರೈವರ್ ಜೀಪು ನಿಲ್ಲಿಸಿ ಬಂದು ಕೂರುತ್ತಿದ್ದ. ಮಳೆ, ಹೂವು, ಕಾಡುಕೋಣ, ಎಲ್ಲದರ ಮಾತೂ ಬರುತ್ತಿತ್ತು. ಸಿನಿಮಾದ ಮಾತು ಮಾತ್ರ ಬರುತ್ತಿರಲಿಲ್ಲ. ನಾನಿದ್ದೇನೆ ಅಂತ ಅವರು ಜಗಳ ಆಡುತ್ತಿಲ್ಲ ಅನ್ನುವುದು ಗೊತ್ತಿತ್ತು. ಅವರು ಜಗಳ ಆಡಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಹಾಗಂತ ಹೇಳುವುದು ಹೇಗೆ?

ಹೂಮಳೆ ಬಿದ್ದು ಕಾಫಿ ಹೂವೆಲ್ಲ ಉದುರಿದ ಮೇಲೆ ಒಂದು ಭಾನುವಾರ ಮಧ್ಯಾಹ್ನ ಡ್ರೈವರ್ ಬಂದ. ಮೇಸ್ತ್ರಿಯನ್ನೂ ಕರೆದುಕೊಂಡು ಬಂದಿದ್ದ.

"ಅಕ್ಕ, ಸಿನಿಮಾ ಫೋನಿಗೆ ಬಂದಿದೆ. ಕಳಸದಲ್ಲಿ ನೆಟ್‌ವರ್ಕ್ ಸಿಕ್ಕಿತು, ಇಳಿಸ್ಕೊಂಡೆ. ನೋಡ್ತೀರಾ? ಬೇಡ ಅಂದ್ರೆ ಬೇಡ."

ನನಗೆ ಆ ಅಜ್ಜಿಯನ್ನು ನೋಡಬೇಕಿತ್ತು. ಅವರು ಕೊನೆಯ ಮೂರು ವಾರ ಯಾರ ಪರವಾಗಿ ವಾದ ಮಾಡಿದರೋ ಅವಳ ಮುಖ ಹೇಗಿದೆ ಅಂತ ತಿಳಿಯಬೇಕಿತ್ತು. ನೋಡೋಣ ಅಂದೆ.

ಜಗಲಿಯಲ್ಲಿ ಸ್ಟೂಲಿನ ಮೇಲೆ ಅವಲಕ್ಕಿ ಡಬ್ಬಿ ಇಟ್ಟು ಅದಕ್ಕೆ ಫೋನು ಒರಗಿಸಿದೆವು. ಮೇಸ್ತ್ರಿ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿ ಕೂತರು. ಹಾರುವ ಹೀರೋ ನನ್ನ ಹೆಬ್ಬೆರಳಿನಷ್ಟು ಇದ್ದ. ಡ್ಯಾಮಿನ ಸೀನು ಬಂತು. ಗೋಡೆ ಬಿರುಕು ಬಿಟ್ಟಿತು. "ಎಲ್ಲರೂ ಓಡಿ" ಅಂದ. ಮೇಸ್ತ್ರಿ ಅಭ್ಯಾಸಬಲದಿಂದ ಎದ್ದು ನಿಂತು ಚಪ್ಪಲಿ ಹುಡುಕಿದರು.

"ಕೂತ್ಕೊಳ್ಳಿ," ಅಂದ ಡ್ರೈವರ್. "ಇವತ್ತು ಬಸ್ಸಿಲ್ಲ."

ಮೇಸ್ತ್ರಿ ಕೂತರು. ಜೀವನದಲ್ಲಿ ಮೊದಲ ಸಲ ನಾವು ಮೂವರೂ ಒಟ್ಟಿಗೆ ಒಂದು ಸಿನಿಮಾದ ಕೊನೆ ನೋಡಿದೆವು.

ಡ್ಯಾಮು ಒಡೆಯಿತು. ಊರು ಉಳಿಯಿತು. ಹೀರೋ ಉಳಿಯಲಿಲ್ಲ. ನೀರು ಇಳಿದ ಮೇಲೆ ಕಲ್ಲಿನ ಮೇಲೆ ಬಿದ್ದಿದ್ದ. ಎಂಟು ಜನ ಜೊತೆಗಾರರು ಸುತ್ತ ನಿಂತು, ಮೊದಲ ಸಲ ಕೈ ತೋರಿಸದೆ ನಿಂತಿದ್ದರು. ಹಸಿರು ಹೊದಿಕೆಯನ್ನು ಅವನ ಮೇಲೇ ಹೊದಿಸಿದರು. ಅಷ್ಟೇ. ಹೆಸರುಗಳು ಮೇಲಕ್ಕೆ ಹೋಗತೊಡಗಿದವು. ಸಿಲ್ವರ್ ಮರ ಬಿಡಿ, ಆ ಇಡೀ ಜಾಗದಲ್ಲಿ ಒಂದು ಗಿಡವೂ ಇರಲಿಲ್ಲ.

ನನಗೆ ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ. ಸತ್ತವರು ಸುಳ್ಳು ಹೇಳಿದ್ದರೆಂದು ಇವರಿಬ್ಬರೂ ಮನೆಗೆ ಹೋಗಿ ಹೇಳಿದರೆ? ನಕ್ಕರೆ? ಮೇಸ್ತ್ರಿಗೆ ನಗುವ ಹಕ್ಕಿತ್ತು. ಮೂರು ವಾರ ಅವರು ಹೇಳಿದ್ದು ಅದನ್ನೇ, ಅಷ್ಟು ನೀರಲ್ಲಿ ಹೋದವನು ಬದುಕುವುದಿಲ್ಲ ಅಂತ. ಅವರು ಗೆದ್ದಿದ್ದರು.

ಮೇಸ್ತ್ರಿ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು.

"ಇದು ಬೇರೆ ಪ್ರಿಂಟು," ಅಂದರು.

ಡ್ರೈವರ್ ಅವರ ಮುಖ ನೋಡಿದ. ನನ್ನ ಮುಖ ನೋಡಿದ.

"ಹೌದು," ಅಂದ. "ಫೋನಿಗೆ ಹಾಕುವಾಗ ಕತ್ತರಿಸ್ತಾರೆ."

"ರೈಟ್ರು ಆಗ್ಲೇ ಹೇಳಿದ್ರಲ್ಲ, ಅಜ್ಜಿಯರ ಸೀನೆಲ್ಲ ಕತ್ತರಿಸ್ತಾರೆ ಅಂತ. ನೋಡು, ಹಾಗೇ ಮಾಡಿದ್ದಾರೆ ಕಳ್ಳರು. ಅಷ್ಟು ಒಳ್ಳೆ ಮರ, ಅದನ್ನೂ ಕಡಿದಿದ್ದಾರೆ."

"ಮರ ಕಡಿಯೋಕೆ ಪರ್ಮಿಷನ್ ಬೇಡ್ವಾ?"

"ಅಮೆರಿಕದಲ್ಲಿ ಯಾರು ಕೇಳ್ತಾರೆ ಮಾರಾಯ."

ನನಗೆ ನಗು ಬಂತು. ಜನವರಿಯಲ್ಲಿ ಅವರು ಹೋದ ಮೇಲೆ ಮೊದಲ ಸಲ. ನಗುತ್ತಲೇ ಒಳಗೆ ಹೋಗಿ ಕಾಫಿಗೆ ನೀರಿಟ್ಟೆ. ಸಕ್ಕರೆ ಡಬ್ಬಿಗೆ ಹೋದ ಕೈ ಹಿಂದಕ್ಕೆ ಬಂದು ಬೆಲ್ಲ ತೆಗೆಯಿತು. ಇಬ್ಬರೂ ಬೆಲ್ಲದ ಕಾಫಿ ಕುಡಿದರು.

ಮರುದಿನ ನೀರಿನ ಟ್ಯಾಂಕಿನ ಹತ್ತಿರ ಹತ್ತಿ ನಾದಿನಿಗೆ ಫೋನು ಮಾಡಿದೆ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಅಣ್ಣ ಸಿನಿಮಾದ ದಿನ ನಿಮ್ಮ ಮನೆಗೆ ಎಷ್ಟು ಹೊತ್ತಿಗೆ ಬಂದಿದ್ದರು ಅಂತ ಕೇಳಿದೆ.

"ಬೇಗನೇ ಬಂದ ಅತ್ತಿಗೆ. ನಿಮ್ಮ ಬಸ್ಸು ಹೊರಟ ಹೊತ್ತಿಗೇ ಇಲ್ಲಿದ್ದ. ಸಿನಿಮಾ ಮುಗೀತಾ ಅಂದೆ. ಇಲ್ಲ, ಹೀರೋ ಸಾಯೋ ಥರ ಕಾಣ್ತು, ನೋಡೋಕಾಗಲಿಲ್ಲ, ಎದ್ದು ಬಂದೆ ಅಂದ. ಅವನು ಯಾವಾಗಲೂ ಹಾಗೇ ಅಲ್ವಾ? ಇಲ್ಲಿ ಕೂತ್ಕೊಂಡು ದೋಸೆ ತಿಂತಾ ಕೊನೆ ಕಟ್ಟುತ್ತಿದ್ದ. ಈ ಸಲದ ಅಜ್ಜಿ ನಂದೇ. ದೋಟಿ ಅವನದು."

ಯಾವಾಗಲೂ ಹಾಗೇ ಅಂದರೆ ಎಲ್ಲವೂ ಹಾಗೇ. ಇಷ್ಟು ವರ್ಷ ನಾನು ಕೇಳಿದ ಕೊನೆಗಳೆಲ್ಲ ನಾದಿನಿಯ ಅಡುಗೆಮನೆಯಲ್ಲಿ ಹುಟ್ಟಿದವು. ನೆನಪು ಮಾಡಿಕೊಂಡು ನೋಡಿದೆ. ನಿಜವೇ, ನಮ್ಮ ಮನೆಗೆ ಬಂದ ಯಾವ ಸಿನಿಮಾದಲ್ಲೂ ಯಾರೂ ಸತ್ತಿರಲಿಲ್ಲ. ವಿಲನ್ ಕೂಡ ಹೆಚ್ಚಾಗಿ ಊರು ಬಿಟ್ಟು ಹೋಗುತ್ತಿದ್ದ.

ಇದನ್ನು ಮೇಸ್ತ್ರಿಗೂ ಡ್ರೈವರಿಗೂ ನಾನು ಹೇಳಿಲ್ಲ. ಅವರಿಗೆ ಗೊತ್ತಿದೆ ಅನ್ನುವುದು ನನಗೆ ಗೊತ್ತು. ಈಗ ಅವರು ಸಂಜೆ ಹೊತ್ತು ಧಾರಾಳವಾಗಿ ಜಗಳ ಆಡುತ್ತಾರೆ. ಮೇಸ್ತ್ರಿ ಪಕ್ಷ ಬದಲಾಯಿಸಿದ್ದಾರೆ. ಎರಡನೇ ಭಾಗವೇ ಚೆನ್ನಾಗಿದೆ, ಆ ಅಜ್ಜಿಗೋಸ್ಕರ ಅನ್ನುತ್ತಾರೆ. ಮೂರು ದಿನ ಹೀರೋ ಊಟ ಇಲ್ಲದೆ ಹೇಗಿದ್ದ ಎಂದು ಡ್ರೈವರ್ ಕೇಳಿದರೆ, "ಮರದ ಮೇಲೆ ಜೇನಿತ್ತು" ಅನ್ನುತ್ತಾರೆ.

ಮೂರನೇ ಭಾಗ ಬರುತ್ತದಂತೆ. ಸತ್ತವನನ್ನು ಇಟ್ಟುಕೊಂಡು ಮೂರನೆಯದು ಹೇಗೆ ತೆಗೆಯುತ್ತಾರೆ ಅಂತ ಡ್ರೈವರಿನ ಬಾಯಿಂದ ಬಂದುಬಿಟ್ಟಿತು. "ಯಾರು ಸತ್ತಿದ್ದು?" ಅಂದರು ಮೇಸ್ತ್ರಿ, ಕಣ್ಣು ದೊಡ್ಡದು ಮಾಡಿ. ಆಮೇಲೆ, "ಈ ಸಲ ಪೀಬೆರಿ ನಾನೇ ತೆಗೀತೀನಿ. ಬಸ್ ಸ್ಟ್ಯಾಂಡಲ್ಲಿ ಮಲಗಿದ್ರೂ ಸರಿ, ಕೊನೆ ನೋಡ್ಕೊಂಡು ಬರ್ತೀನಿ" ಅಂದರು.

"ನೀವು ಬೇಡ," ಅಂದ ಡ್ರೈವರ್. "ನೋಡಿದ್ದನ್ನೇ ಹೇಳಿಬಿಡ್ತೀರಿ."

ಅದು ಹೌದು ಅಂದರು ಮೇಸ್ತ್ರಿ. ಇಬ್ಬರೂ ನನ್ನ ಕಡೆ ನೋಡಿದರು. ನನಗೂ ಬರುವುದಿಲ್ಲ ಅಂದೆ.

ನಾವು ಮೂವರೂ ಹೋಗುತ್ತೇವೆ, ಮೂವರೂ ಬಸ್ಸಿಗೆ ವಾಪಸ್ ಬರುತ್ತೇವೆ. ಮರುದಿನ ಬೆಳಿಗ್ಗೆ ಬಂದು ಕೊನೆ ಹೇಳುವವರು ಇಲ್ಲ.