ಮಡೆಪ್ಪನವರ ಕಾರಂಜಿ
ಎಪ್ಪತ್ತೆರಡರ ಬರದಲ್ಲಿ ಭಾಲ್ಕಿಯ ಬಾವಿಗಳೆಲ್ಲ ತಳ ಕಂಡಿದ್ದರೂ ಬಟ್ಟೆ ವ್ಯಾಪಾರಿ ಮಡೆಪ್ಪ ಶೆಟಕಾರರ ತಲೆಯಲ್ಲಿ ಮಾತ್ರ ನೀರು ಚಿಮ್ಮುತ್ತಿತ್ತು. ದಿನಾ ಬೆಳಿಗ್ಗೆ ಅಂಗಡಿಯ ಕಟ್ಟೆಯ ಮೇಲೆ ನಿಂತು, ಗಜಕೋಲಿನಿಂದ ಗಾಳಿಯಲ್ಲೇ, ಅಂಗಡಿ ಮುಂದೆ ಕಟ್ಟಿಸಬೇಕೆಂದಿದ್ದ ಚೌಕದ ನಕ್ಷೆ ಬರೆಯುತ್ತಿದ್ದರು: "ನಡುವ ಕಾರಂಜಿ, ಸುತ್ತ ಎಂಟು ಬೆಂಚ್ ಬರ್ತಾವ್ರಿ. ಬೀದರದವ್ರು ಬಂದು ನೋಡಿ ಹೋಗಬೇಕ್ರಿ!" ಹೈದರಾಬಾದಿಗೆ ಕೂಲಿ ಹುಡುಕಿ ಹೊರಟ ಸಾಯಗಾಂವದ ಜನ ಗಂಟುಮೂಟೆ ಇಳಿಸಿ ಆ ಕಟ್ಟೆಯ ಮೇಲೆ ಕೂತರೆ ಅದೇ ಕೋಲಿನಿಂದ ಎಬ್ಬಿಸುತ್ತಿದ್ದರು: "ಏಳ್ರಿ, ಏಳ್ರಿ, ಚೌಕದ ಶೋಭಾ ಹಾಳಾಗ್ತದ!" ಒಂದು ದಿನ ಅವರಲ್ಲೊಬ್ಬಳಾದ ಈರಮ್ಮ ಗಂಟು ಎತ್ತಿಕೊಳ್ಳುತ್ತ ಕೇಳಿದಳು: "ಹೋಗ್ತೇವ್ರಿ ಸಾಹುಕಾರ್ರ. ನಾವೆಲ್ಲ ಹೋದ ಮ್ಯಾಲ ಆ ಬೆಂಚಿನ ಮ್ಯಾಗ ಯಾರ್ ಕೂಡ್ತಾರ್ರಿ?" ದೀಪಾವಳಿಯಿಂದೀಚೆಗೆ ಒಂದು ಗಜ ಬಟ್ಟೆಯನ್ನೂ ಅಳೆಯದಿದ್ದ ಆ ಕೋಲು ಕೆಳಗಿಳಿಯಿತು. ಮರುದಿನ ಬೆಳಿಗ್ಗೆ ಮತ್ತೆ ಮೇಲೆದ್ದಿತು. ಗಾಳಿಯ ನಕ್ಷೆಯಲ್ಲಿ ಕಾರಂಜಿ ಅಲ್ಲೇ ಇತ್ತು, ಬೆಂಚುಗಳು ಮಾತ್ರ ಎಂಟರಿಂದ ನಾಲ್ಕಾಗಿದ್ದವು.