ಹಿತ್ತಲ ಗೂಡಿನ ಕಪ್ಪು

ಹುಮನಾಬಾದಿನ ಸಾಹುಕಾರರ ವಾಡೆ ರಿಪೇರಿಯಾಗಿ ಚಿತ್ರಶಾಲೆಯಾಗಿದೆ ಎಂದು ಕೇಳಿದಾಗಿನಿಂದ ಅವ್ವ ನನ್ನ ಬೆನ್ನು ಬಿದ್ದಿದ್ದಳು. ಚಿತ್ರ ನೋಡುವ ಹುಚ್ಚೇನಲ್ಲ. ದುಬಲಗುಂಡಿಯಿಂದ ಬಂದು ವರ್ಷಗಟ್ಟಲೆ ಆ ವಾಡೆಯ ಕೊಟ್ಟಿಗೆಯಲ್ಲಿ ಸಗಣಿ ಬಳಿದವಳು ಒಂದು ದಿನವೂ ಮುಂಬಾಗಿಲಿನಿಂದ ಒಳಗೆ ಹೋಗಿರಲಿಲ್ಲ. ಸಾಯುವುದರೊಳಗೆ ಒಮ್ಮೆ ಆ ಬಾಗಿಲು ದಾಟಬೇಕು ಎಂಬುದೊಂದೇ ಅವಳ ಆಸೆ. ನಾನು ಬಸವಕಲ್ಯಾಣದಲ್ಲಿ ಮಾಸ್ತರ. ಒಂದು ರವಿವಾರ ಅವಳನ್ನು ಕರೆದುಕೊಂಡು ಬಸ್ ಹತ್ತಿದೆ.

ದಾಟಿದಳು. ಆದರೆ ಹೊಸ್ತಿಲಿಗೆ ಮುಂಚೆಯೇ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಒತ್ತಿಕೊಂಡಳು. ಹಾಕ್ಕೊಂಡೇ ಬಾ ಎಂದರೂ ಕೇಳಲಿಲ್ಲ. ನನಗೆ ಅಲ್ಲೇ ಮೈ ಉರಿಯಿತು.

ಒಳಗೆ ಎಲ್ಲ ಮಿರಿಮಿರಿ ಮಿಂಚುತ್ತಿತ್ತು. ಸಾಹುಕಾರರ ಪಡಸಾಲೆಯಲ್ಲಿ ಆಳೆತ್ತರದ ಒಂದು ಚಿತ್ರ: ಸಗಣಿ ಬುಟ್ಟಿ ಹೊತ್ತ ಹೆಂಗಸು, ಬೆಳ್ಳನೆ ಸೀರೆ, ಒಂದು ಕಲೆಯಿಲ್ಲ. ಬರೆದವನು ಸಗಣಿ ಎಂದಾದರೂ ನೋಡಿದ್ದನೋ ಇಲ್ಲವೋ! ಜನ ಅದರ ಮುಂದೆ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಿದ್ದರು.

ಹಿತ್ತಲಿಗೆ ಬಂದೆವು. ಕೊಟ್ಟಿಗೆ ಈಗ ಚಹಾದಂಗಡಿ. ಅದರ ಪಕ್ಕದ ಗೋಡೆಗೂಡಿನಲ್ಲಿ ಹಿಡಿಕೆ ಮುರಿದ ಕಪ್ಪು, ಮೇಲೊಂದು ಪುಟ್ಟ ದೀಪ, ಕೆಳಗೆ ಫಲಕ. ಬಂದವರಿಗೆಲ್ಲ ಚಹಾ ಕೊಡುತ್ತಿದ್ದ ಕಪ್ಪಂತೆ, ವಾಡೆಯ ಅತಿಥಿ ಸತ್ಕಾರದ ಗುರುತಂತೆ. ಓದಿ ಹೇಸಿಗೆಯಾಯಿತು. ಅದು ನಮ್ಮ ಜಾತಿಯವರಿಗೆಂದೇ ಬೇರೆ ಇಟ್ಟಿದ್ದ ಕಪ್ಪು. ಸಾಹುಕಾರರ ಮನೆಯವರು ದೂರ ನಿಂತು ಮೇಲಿನಿಂದ ಚಹಾ ಹೊಯ್ಯುತ್ತಿದ್ದರು. ಅವ್ವ ಕುಡಿದು, ತಾನೇ ತೊಳೆದು, ಗೂಡಿನಲ್ಲಿ ಬೋರಲು ಹಾಕಿಡಬೇಕಿತ್ತು. ಚಿಕ್ಕವನಿದ್ದಾಗ ಅದರಲ್ಲಿ ನಾನೂ ಕುಡಿದಿದ್ದೇನೆ. ಆಗ ಆ ಚಹಾ ರುಚಿಯಾಗಿತ್ತು.

ಅವ್ವನಿಗೆ ಓದಲು ಬಾರದು. ಏನು ಬರೆದಿದ್ದಾರೆ ಎಂದು ಕೇಳಿದಳು. ನಾನು ಮತ್ತೆ ಫಲಕದ ಮೇಲೆ ಕಣ್ಣಾಡಿಸಿದೆ. ಅಷ್ಟರಲ್ಲಿ ಅವಳ ಕೈ ತನ್ನಷ್ಟಕ್ಕೆ ಕಪ್ಪನ್ನು ಎತ್ತಿ, ಸೆರಗಿನಿಂದ ಒರೆಸಿ, ಗೂಡಿನಲ್ಲಿ ಬೋರಲು ಹಾಕಿತು.

ಕಾವಲುಗಾರ ಓಡಿ ಬಂದ. "ಏನ್ ಮಾಡಾಕತ್ತೀರಿ ಅವ್ವಾರ? ಮುಟ್ಟಬ್ಯಾಡ್ರಿ ಅದನ್ನ."

"ನಮ್ಮನ್ನ ಬಿಟ್ರ ಇದನ್ನ ಯಾರೂ ಮುಟ್ಟತಿದ್ದಿಲ್ಲಪ್ಪ" ಅಂದಳು ಅವ್ವ.

ಅವನಿಗೆ ತಿಳಿಯಲಿಲ್ಲ. ಜೇಬಿನಿಂದ ಕರವಸ್ತ್ರ ತೆಗೆದು, ಅದರಿಂದಲೇ ಕಪ್ಪು ಹಿಡಿದು, ಅವಳ ಬೆರಳು ತಾಗಿದ ಕಡೆಯೆಲ್ಲ ಉಜ್ಜಿ ನೆಟ್ಟಗೆ ಇಟ್ಟ. ಫಲಕದ ಸುಳ್ಳನ್ನು ಅವನಿಗೆ ಹೇಳಬೇಕೆಂದು ನಾನು ಬಾಯಿ ತೆರೆಯುವುದರೊಳಗೆ ಅವ್ವ ಹೊರಟಾಗಿತ್ತು. ಕಂಕುಳಲ್ಲಿ ಚಪ್ಪಲಿ ಹಾಗೇ ಇತ್ತು. ಯಾರೂ ಹೇಳಿರಲಿಲ್ಲ, ಹಿತ್ತಲ ಬಾಗಿಲಿನಿಂದಲೇ ಹೊರಗೆ ಹೋದಳು.