ಬೇಚರಾಕ್‌ಗೆ ದಾರಿ

ಎಂಬತ್ತರ ದಶಕ. ಆಗಷ್ಟೇ ಸರ್ವೆ ಕೆಲಸಕ್ಕೆ ಸೇರಿದ್ದ ನನ್ನನ್ನು ಸಿಂಗಾಪುರ ಅನ್ನೋ ನಮ್ಮ ಕಡೆಯ ಹಳ್ಳಿಯ ಆಚೆ ಒಂದು ಬಡಾವಣೆಗೆ ಜಾಗ ಅಳೆಯೋಕೆ ಕಳಿಸಿದ್ದರು. ಹಳೇ ನಕ್ಷೆಯ ಮಡಿಕೆಯಲ್ಲಿ ಅಕ್ಷರ ಸವೆದು, ‘ಬೇಚರಾಕ್’ ಅನ್ನೋದೊಂದೇ ಓದೋಕೆ ಬರ್ತಿತ್ತು. ಆಡು ಮೇಯಿಸುತ್ತಿದ್ದ ಮುದುಕರೊಬ್ಬರನ್ನು ಕೇಳಿದೆ: “ಸಾಬ್ರೇ, ಬೇಚರಾಕ್ ಊರಿಗೆ ಹೆಂಗೆ ಹೋಗ್ಬೇಕು?”

ಅವರು ಕೋಲೂರಿ ನಿಂತು ನಕ್ಕರು. “ಅದು ಊರಿನ ಹೆಸರಲ್ಲ ಸಾಮಿ. ಬೇ ಚಿರಾಗ್ ಅಂದ್ರೆ ನಮ್ಮ ಮಾತಲ್ಲಿ ದೀಪ ಇಲ್ಲ ಅಂತ. ಜನ ಬಿಟ್ಟೋದ ಊರಿಗೆ ದಫ್ತರದಲ್ಲಿ ಅಂಗೆ ಬರೀತಾರೆ. ನೀವು ಅದರ ಮೇಲೇ ನಿಂತಿದೀರ.”

ಕಾಲ ಬಳಿ ಒಡೆದ ಬೀಸುಕಲ್ಲೊಂದು ಬಿದ್ದಿತ್ತು. “ಪ್ಲೇಗ್ ಬಂದಿತ್ತಾ?” ಅಂದೆ.

“ಎಲ್ಲಾ ಅಂಗೇ ಅಂತಾರೆ. ನಮ್ಮಜ್ಜ ಹೇಳ್ತಿದ್ದದ್ದು ಬೇರೆ. ಕೆರೆಗೆ ನೀರು ತರೋ ಕಾಲುವೇನ ವರ್ಷವರ್ಷ ಒಬ್ಬೊಬ್ರೂ ಒಂದೊಂದು ಸಾಲು ಉತ್ತು ಹೊಲಕ್ಕೆ ಸೇರಿಸ್ಕೊಂಡ್ರಂತೆ. ಕೆರೆ ಬತ್ತೋಯ್ತು, ಬಾವೀನೂ ಬತ್ತೋಯ್ತು. ಯಾರೂ ಓಡಿಸ್ಲಿಲ್ಲ, ಅವರೇ ಒಂಟೋದ್ರು.” ಆಮೇಲೆ ನನ್ನ ಕೈಲಿದ್ದ ಅಳತೆ ಸರಪಳಿ ನೋಡಿ ಕೇಳಿದರು, “ನೀವೇನ್ ಅಳೀತಿದೀರ?”

ಅಳಿದುಳಿದಿದ್ದ ಅದೇ ಕಾಲುವೆಯ ಮೇಲೆ ಎರಡು ಸಾಲು ಸೈಟು ಬರೋದಿತ್ತು. “ಸುಮ್ನೆ ಗಡಿ ನೋಡ್ತಿದೀನಿ” ಅಂದುಬಿಟ್ಟೆ. ‘ಇಲ್ಲಿ ಕಾಲುವೆ ಇದೆ’ ಅಂತ ಒಂದು ಷರಾ ಬರೆದಿದ್ರೂ ಸಾಕಿತ್ತು. ಬರೀಲಿಲ್ಲ. ಗೂಟ ಹೊಡೆಸಿ ಬಂದೆ.

ಈಗ ಅಲ್ಲಿ ಹಗಲಲ್ಲೂ ಬೀದಿದೀಪ ಆರಿಸೋರಿಲ್ಲ. ನೀರು ಮಾತ್ರ ಟ್ಯಾಂಕರಿನಲ್ಲಿ ಬರುತ್ತೆ. ದೀಪ ಇದ್ದೂ ನೀರಿಲ್ಲದ ಊರಿಗೆ ದಫ್ತರದಲ್ಲಿ ಏನಂತ ಬರೀಬೇಕೋ, ಅವತ್ತೇ ಸಾಬ್ರನ್ನ ಕೇಳಿಟ್ಕೋಬೇಕಿತ್ತು.